ಮುಂಚಿತವಾಗಿ ಎಚ್ಚರಿಸುವ ಯಂತ್ರಗಳು

ಈ ಸ್ಮರಣ ಸಂಚಿಕೆಗೆ ವಿಜ್ಞಾನದ ವಿಷಯವಾಗಿ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಚಿಕೆಯ ಮಂಡಲಿಯವರು ನಮ್ಮನ್ನು ಕೇಳಿರುವರು. ವಿಷಯಕ್ಕಾಗಿ ನಾವು ಬಹಳ ದೂರ ಹುಡುಕಬೇಕಾಗಿ ಬರಲಿಲ್ಲ. ಎರಡು ಮೂರು ವರ್ಷಗಳಿಂದೀಚೆಗೆ ಮಕ್ಕಳ ತಂದೆತಾಯಿಗಳು ನಮ್ಮ ಕೊಠಡಿಗೆ ಬಂದಾಗಲೆಲ್ಲಾ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿರುವರು. “ಇನ್ನು ಮೇಲೆ ಯೋಚನೆಯನ್ನೆಲ್ಲಾ ಯಂತ್ರವೇ ಮಾಡುವುದಂತಲ್ಲಾ ಮೇಡಂ, ನಮ್ಮ ಹುಡುಗಿ ಲೆಕ್ಕವನ್ನೂ ವಿಜ್ಞಾನವನ್ನೂ ಕಷ್ಟಪಟ್ಟು ಕಲಿತು ಆಗಬೇಕಾದುದೇನು?” ಎಂಬುದೇ ಆ ಪ್ರಶ್ನೆ. ಇದು ಹಗುರಾದ ಪ್ರಶ್ನೆಯಲ್ಲ. ಮನೆಯಲ್ಲಿ ಹಣ ಮಿತವಾಗಿರುವಾಗ ಯಾವ ಮಗುವಿನ ಓದಿಗೆ ಎಷ್ಟು ವೆಚ್ಚಮಾಡಬೇಕೆಂಬ ತೀರ್ಮಾನವು ಇದರ ಹಿಂದೆ ಅಡಗಿರುವುದು. ಅಂಥ ತೀರ್ಮಾನದಲ್ಲಿ ಹೆಣ್ಣುಮಕ್ಕಳ ಪಾಲಿಗೆ ಏನು ಬರುವುದೆಂಬುದನ್ನು ನಾವು ಬಲ್ಲೆವು. ಆದಕಾರಣ ಹೊಸ ಯಂತ್ರಗಳಲ್ಲಿ ಕೆಲವನ್ನು, ಸಾಧ್ಯವಾದಷ್ಟು ಮಟ್ಟಿಗೆ ನಮ್ಮ ನಾಡಿನಲ್ಲಿಯೇ ಕೆಲಸಮಾಡುತ್ತಿರುವುವನ್ನು, ಆರಿಸಿಕೊಂಡು ಅವು ಏನು ಮಾಡಬಲ್ಲುವು, ಎಲ್ಲಿ ನಿಂತುಬಿಡುವುವು ಎಂಬುದನ್ನು ವಿವರಿಸಲು ಇಲ್ಲಿ ಪ್ರಯತ್ನಿಸುವೆವು.

ನಮ್ಮ ಸಂಜಯನಗರದಿಂದ ಉತ್ತರಕ್ಕೆ ಹೊರಟು ಹೆಬ್ಬಾಳವನ್ನು ದಾಟಿ ಹೋದರೆ ಯಲಹಂಕ ಸಿಕ್ಕುವುದು. ಅಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಸಂಸ್ಥೆಯಿದೆ. ಬರಗಾಲದ ಲಕ್ಷಣಗಳನ್ನು ಮುಂಚಿತವಾಗಿ ಗುರುತಿಸುವುದಕ್ಕೆಂದು 1988ರಲ್ಲಿ ಒಂದು ಸಣ್ಣ ಘಟಕವಾಗಿ ಇದು ಹುಟ್ಟಿತು. 2007ರಲ್ಲಿ ಈಗಿನ ಹೆಸರನ್ನು ಪಡೆಯಿತು. ಹಿಂದೆ ತಾಲ್ಲೂಕು ಕಛೇರಿಯ ಅಂಗಳದಲ್ಲಿ ಒಂದು ಮಳೆಮಾಪಕವಿದ್ದರೆ ಅದೇ ದೊಡ್ಡದು. ಇಡೀ ತಾಲ್ಲೂಕಿಗೆ ಬಿದ್ದ ಮಳೆಯನ್ನು ಆ ಒಂದು ಪಾತ್ರೆಯೇ ಹೇಳಬೇಕಾಗಿತ್ತು. ಆದರೆ ಮಳೆಯ ಸ್ವಭಾವವು ಹಾಗಿಲ್ಲವೆಂಬುದು ಹೊಲ ಕಂಡವರಿಗೆಲ್ಲಾ ಗೊತ್ತು. ಒಂದು ಊರಿನ ಕೆರೆ ಕೋಡಿಬಿದ್ದ ದಿನವೇ ಪಕ್ಕದ ಊರಿನಲ್ಲಿ ಧೂಳೇಳುತ್ತಿರುವುದುಂಟು. ಈ ಕೇಂದ್ರದವರು ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿ, ಹದಿನೈದು ನಿಮಿಷಕ್ಕೊಮ್ಮೆ ಅವುಗಳಿಂದ ಅಂಕಿಗಳನ್ನು ತರಿಸಿಕೊಳ್ಳುವ ಏರ್ಪಾಡನ್ನು ಮಾಡಿರುವರು.

ಈ ಯಂತ್ರದ ಒಳಗೆ ಏನಿದೆಯೆಂದು ತೆರೆದು ನೋಡಿದರೆ ಮಕ್ಕಳಿಗೆ ನಗು ಬರುವುದು. ಏಕೆಂದರೆ ಅದರ ಹೃದಯಸ್ಥಾನದಲ್ಲಿರುವುದು ಒಂದು ಏತಪಾತ! ಆಲಿಕೆಯಿಂದ ಇಳಿಯುವ ನೀರು ಎರಡು ಪುಟ್ಟ ಬಟ್ಟಲುಗಳ ಪೈಕಿ ಮೇಲಿರುವ ಬಟ್ಟಲನ್ನು ತುಂಬುವುದು. ಗೊತ್ತಾದ ಅಳತೆಗೆ ಬಂದೊಡನೆ ಅದು ವಾಲಿಕೊಂಡು ನೀರನ್ನು ಚೆಲ್ಲುವುದು. ಅಷ್ಟರಲ್ಲಿ ಇನ್ನೊಂದು ಬಟ್ಟಲು ಮೇಲೇರಿ ನಿಂತಿರುವುದು. ಪ್ರತಿಸಲ ವಾಲಿದಾಗಲೂ ಒಂದು ಅಯಸ್ಕಾಂತವು ಸಣ್ಣ ಸ್ವಿಚ್ಚನ್ನು ಮುಟ್ಟಿಸಿ ಒಂದು ಎಣಿಕೆಯನ್ನು ಬರೆಯಿಸುವುದು. ಕೆಲವು ಮಾಪಕಗಳಲ್ಲಿ ಒಂದು ವಾಲುವಿಕೆಗೆ 0.2 ಮಿಲಿಮೀಟರು, ಕೆಲವದರಲ್ಲಿ 0.5 ಮಿಲಿಮೀಟರು. ಬಿಸಿಲಿನಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಹಲಗೆ, ಒಂದು ಬ್ಯಾಟರಿ, ನಮ್ಮ ಕೈಫೋನಿನಲ್ಲಿರುವಂಥದೇ ಒಂದು ಸಿಮ್ಮು, ಇಷ್ಟಿದ್ದರೆ ಆ ಎಣಿಕೆಯು ಯಾರ ಸಹಾಯವೂ ಇಲ್ಲದೆ ಯಲಹಂಕಕ್ಕೆ ತಲುಪುವುದು.

ಒಂದು ಮಿಲಿಮೀಟರು ಮಳೆಯೆಂದರೆ ಎಷ್ಟೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರೆಂದು ನಂಬುವೆವು. ಒಂದು ಚದರ ಮೀಟರು ನೆಲದ ಮೇಲೆ ಒಂದು ಲೀಟರು ನೀರು. ಒಂದು ಎಕರೆಯ ಮೇಲೆ ನಾಲ್ಕು ಸಾವಿರ ಲೀಟರಿಗೂ ಸ್ವಲ್ಪ ಮಿಕ್ಕು. ಒಂದು ಚದರ ಕಿಲೋಮೀಟರಿನ ಮೇಲೆ ಹತ್ತು ಮಿಲಿಮೀಟರು ಬಿದ್ದರೆ ಒಂದು ಕೋಟಿ ಲೀಟರು. ಈ ಲೆಕ್ಕವನ್ನು ಒಂದು ಸಲ ಕೈಯಾರೆ ಮಾಡಿದ ಹುಡುಗಿಗೆ ಪತ್ರಿಕೆಯಲ್ಲಿ ಬರುವ ಮಳೆಯ ಅಂಕಿಯು ಕೇವಲ ಅಂಕಿಯಾಗಿ ಉಳಿಯುವುದಿಲ್ಲ.

ಆದರೆ ಅಳೆದಮಾತ್ರಕ್ಕೆ ನೀರು ದಾರಿಯನ್ನು ಬದಲಿಸುವುದಿಲ್ಲವಷ್ಟೆ. 2024ನೆಯ ಅಕ್ಟೋಬರ್ ತಿಂಗಳಿನಲ್ಲಿ, ಮಳೆಯನ್ನು ಅಳೆಯುವ ಕೇಂದ್ರವಿರುವ ಯಲಹಂಕದಲ್ಲಿಯೇ, ಕೇಂದ್ರೀಯ ವಿಹಾರವೆಂಬ ವಸತಿ ಸಮುಚ್ಚಯವು ಜಲಾವೃತವಾಗಿ ಅಲ್ಲಿಯ ನಿವಾಸಿಗಳನ್ನು ದೋಣಿಗಳಲ್ಲಿ ಕೂರಿಸಿ ಹೊರಕ್ಕೆ ತರಬೇಕಾಯಿತು. ಯಲಹಂಕದ ಕೆರೆಯ ನೀರು ಜಕ್ಕೂರಿನ ಕೆರೆಗೆ, ಅಲ್ಲಿಂದ ರಾಚೇನಹಳ್ಳಿಯ ಕೆರೆಗೆ ಇಳಿಯಬೇಕೆಂಬುದು ಹಿಂದಿನವರು ಕಟ್ಟಿದ ಸರಪಣಿ. ನಡುವಣ ಕಾಲುವೆಗಳು ಕಿರಿದಾದೆಡೆಯಲ್ಲಿ ನೀರು ತನ್ನ ಹಳೆಯ ನೆಲವನ್ನು ತಾನೇ ಹುಡುಕಿಕೊಳ್ಳುವುದು. ಬೆಂಗಳೂರಿನ ಯಾವ ಭಾಗದಲ್ಲಿ ಎಷ್ಟು ಮಳೆಯಾಗುತ್ತಿದೆ, ಎಲ್ಲಿ ನೀರು ನಿಲ್ಲಬಹುದು ಎಂಬುದನ್ನು ತಿಳಿಸುವ ‘ಮೇಘ ಸಂದೇಶ’ವೆಂಬ ಕೈಫೋನಿನ ಸಾಧನವನ್ನು ಈ ಕೇಂದ್ರದವರು ಭಾರತೀಯ ವಿಜ್ಞಾನ ಮಂದಿರದವರೊಡನೆ ಕೂಡಿ ಸಿದ್ಧಪಡಿಸಿರುವರು. ಸುದ್ದಿ ಬರುವುದು, ಆ ಸುದ್ದಿಯನ್ನು ಕೇಳಿ ತಗ್ಗಿನಲ್ಲಿ ನಿಂತ ವಾಹನವನ್ನು ತೆಗೆಯುವವರೂ, ಮುದುಕರನ್ನು ಮಹಡಿಗೆ ಏರಿಸುವವರೂ, ಮಳೆಗಾಲಕ್ಕೆ ಮೊದಲೇ ಕಾಲುವೆಯ ಹೂಳನ್ನು ಎತ್ತಿಸುವವರೂ ಮನುಷ್ಯರೇ ಆಗಿರಬೇಕು.

ಸಿಡಿಲಿನ ವಿಷಯವೂ ಹೀಗೆಯೇ. ‘ಸಿಡಿಲು’ ಎಂಬ ಹೆಸರಿನದೇ ಒಂದು ಸಾಧನವನ್ನು ಇದೇ ಕೇಂದ್ರವು ಜನರಿಗೆ ಒದಗಿಸಿದೆ. ನಾವಿರುವ ಸ್ಥಳಕ್ಕೆ ಮಿಂಚು ಎಷ್ಟು ಸಮೀಪದಲ್ಲಿದೆಯೆಂಬುದನ್ನು ಅದು ಬಣ್ಣಗಳಿಂದ ತೋರಿಸುವುದು. ಮುಂಗಾರಿಗೆ ಮೊದಲು, ಏಪ್ರಿಲ್ ಮೇ ತಿಂಗಳುಗಳಲ್ಲಿ, ಹೊಲದಲ್ಲಿ ಕಳೆ ಕೀಳುತ್ತಲೋ ಕುರಿ ಕಾಯುತ್ತಲೋ ಇರುವವರ ಕೈಯಲ್ಲಿ ಅಂಥ ಫೋನು ಇರುವುದೇ ಎಂಬುದು ಬೇರೆ ಮಾತು. ಫೋನಿಲ್ಲದವರಿಗಾಗಿ ಒಂದು ಲೆಕ್ಕವನ್ನು ಇಲ್ಲಿಯೇ ಹೇಳಿಬಿಡುವೆವು. ಶಬ್ದವು ಮೂರು ಸೆಕೆಂಡಿನಲ್ಲಿ ಸುಮಾರು ಒಂದು ಕಿಲೋಮೀಟರು ಹೋಗುವುದು. ಮಿಂಚು ಕಂಡಮೇಲೆ ಮೂವತ್ತನ್ನು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆಯೆಂದು ತಿಳಿದು ಕಟ್ಟಡದ ಒಳಕ್ಕೆ ಹೋಗಬೇಕು. ಕಡೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಹೊರಕ್ಕೆ ಬರಬಾರದು. ಒಂಟಿಮರದ ಕೆಳಗಂತೂ ನಿಲ್ಲಲೇಬಾರದು. ಹಳ್ಳಿಯ ಬಂಧುಗಳಿರುವವರು ಇದನ್ನು ಅವರಿಗೂ ತಿಳಿಸುವರೆಂದು ನಿರೀಕ್ಷಿಸುವೆವು.

ಇನ್ನು ನೆಲದಿಂದ ಆಕಾಶಕ್ಕೆ ಏರೋಣ. ನಮ್ಮ ಶಾಲೆಯ ಮಕ್ಕಳು ಅನೇಕರು ದಿನವೂ ಹಾದುಬರುವ ನ್ಯೂ ಬಿ.ಇ.ಎಲ್. ರಸ್ತೆಯಲ್ಲಿ ಇಸ್ರೋ ಸಂಸ್ಥೆಯ ಪ್ರಧಾನ ಕಛೇರಿಯಾದ ಅಂತರಿಕ್ಷ ಭವನವಿದೆ. ಆ ಸಂಸ್ಥೆಯವರು 2024ನೆಯ ಫೆಬ್ರವರಿ 17ರಂದು ಇನ್ಸ್ಯಾಟ್–3ಡಿಎಸ್ ಎಂಬ ಹವಾಮಾನದ ಉಪಗ್ರಹವನ್ನು ಶ್ರೀಹರಿಕೋಟೆಯಿಂದ ಹಾರಿಸಿದರು. ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ, ಭೂಮಿಯು ತಿರುಗುವ ವೇಗಕ್ಕೆ ಸರಿಯಾಗಿ ತಾನೂ ತಿರುಗುತ್ತಾ, ಅದು ನಮ್ಮ ದೇಶದ ಮೇಲೆಯೇ ಕಣ್ಣಿಟ್ಟಿರುವುದು. 2025ನೆಯ ಜುಲೈ 30ರಂದು ಅಮೆರಿಕದ ನಾಸಾ ಸಂಸ್ಥೆಯವರೊಡನೆ ಕೂಡಿ ನಿರ್ಮಿಸಿದ ನಿಸಾರ್ ಎಂಬ ಉಪಗ್ರಹವು ಮೇಲೇರಿತು. ಇದರ ಭಾಗಗಳನ್ನು ಜೋಡಿಸಿ ಪರೀಕ್ಷಿಸಿದ ಕೆಲಸವು ನಡೆದುದು ನಮ್ಮ ಬೆಂಗಳೂರಿನಲ್ಲಿ. ಹನ್ನೆರಡು ಮೀಟರು ಅಗಲದ ಛತ್ರಿಯಂಥ ಅಂಟೆನಾವನ್ನು ಆಕಾಶದಲ್ಲಿ ಬಿಚ್ಚಿಕೊಂಡು, ರೇಡಾರ್ ಕಿರಣಗಳನ್ನು ಭೂಮಿಗೆ ಕಳುಹಿಸಿ, ಮರಳಿ ಬಂದ ಕಿರಣಗಳಿಂದ ಅದು ಚಿತ್ರವನ್ನು ರಚಿಸುವುದು. ಸಾಧಾರಣ ಕ್ಯಾಮೆರಾಕ್ಕೆ ಮೋಡವೂ ಕತ್ತಲೆಯೂ ಅಡ್ಡಿ; ರೇಡಾರಿಗೆ ಎರಡೂ ಅಡ್ಡಿಯಲ್ಲ. ಹನ್ನೆರಡು ದಿನಗಳಿಗೊಮ್ಮೆ ಅದೇ ನೆಲವನ್ನು ಮತ್ತೆ ನೋಡಿ, ಎರಡು ಚಿತ್ರಗಳನ್ನು ಹೋಲಿಸಿದರೆ, ಭೂಮಿಯು ಸೆಂಟಿಮೀಟರಿನ ಲೆಕ್ಕದಲ್ಲಿ ಸರಿದಿದ್ದರೂ ಗೊತ್ತಾಗುವುದು. 2018ನೆಯ ಆಗಸ್ಟ್ ತಿಂಗಳಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದುದನ್ನು ಮರೆಯದವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಆದರೆ ನಿಧಾನವಾಗಿ ಸರಿಯುವ ಇಳಿಜಾರನ್ನು ಅದು ಕಾಣಬಲ್ಲುದು; ಒಂದೇ ರಾತ್ರಿಯ ಮಳೆಗೆ ಥಟ್ಟನೆ ಜಾರುವ ಗುಡ್ಡವನ್ನು ಹಿಡಿಯುವುದಕ್ಕೆ ಹನ್ನೆರಡು ದಿನಗಳ ಅಂತರವು ದೊಡ್ಡದು.

ಈಗ ಕೃತಕ ಬುದ್ಧಿಮತ್ತೆಯ ವಿಷಯಕ್ಕೆ ಬರುವೆವು. ಇದು ಯೋಚಿಸುವ ಯಂತ್ರವೆಂಬ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಅದು ಕಲಿಯುವ ರೀತಿಯಿಂದಲೇ ತಿಳಿಯಬಹುದು. ಮಳೆ, ಗಾಳಿ, ಉಷ್ಣತೆ, ಒತ್ತಡ ಇವುಗಳ ಹಳೆಯ ದಾಖಲೆಗಳನ್ನು ಅದಕ್ಕೆ ಕೊಟ್ಟು, ಇಂಥ ದಿನ ಹೀಗಿತ್ತು, ಮರುದಿನ ಹೇಗಿದ್ದೀತು ಎಂದು ಊಹಿಸಹೇಳುವರು. ಊಹೆ ತಪ್ಪಿದರೆ ಒಳಗಿನ ಲಕ್ಷಾಂತರ ಅಂಕಿಗಳನ್ನು ಒಂದಿಷ್ಟು ತಿದ್ದುವರು. ಹೀಗೆ ತಿದ್ದಿ ತಿದ್ದಿ ಊಹೆಯು ಸರಿಯಾಗುತ್ತಾ ಬರುವುದು. 2023ರಲ್ಲಿ ಪ್ರಕಟವಾದ ಗ್ರಾಫ್‌ಕಾಸ್ಟ್ ಎಂಬ ಇಂಥ ಒಂದು ಕ್ರಮಕ್ಕೆ 1979ರಿಂದ 2017ರ ವರೆಗಿನ ಹವಾಮಾನದ ದಾಖಲೆಯನ್ನು ಪಾಠವಾಗಿ ಕೊಟ್ಟಿದ್ದರು. ಮುಂದಿನ ಹತ್ತು ದಿನಗಳ ಹವೆಯನ್ನು ಅದು ಒಂದು ನಿಮಿಷದೊಳಗೆ ಹೇಳಬಲ್ಲುದಾಗಿತ್ತು. 2025ರ ಮುಂಗಾರಿನಲ್ಲಿ ನಮ್ಮ ದೇಶದ ಕೃಷಿ ಮಂತ್ರಾಲಯದವರು ಈ ಬಗೆಯ ಕ್ರಮಗಳ ಸಹಾಯದಿಂದ ಮಳೆ ಆರಂಭವಾಗುವ ಕಾಲವನ್ನು ಗುಣಿಸಿ, 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಫೋನಿನ ಮೂಲಕ ಸಂದೇಶವನ್ನು ಕಳುಹಿಸಿದರು. ಆ ವರ್ಷ ಮುಂಗಾರು ಬೇಗನೆ ಬಂದು ನಡುವೆ ನಿಂತುಬಿಟ್ಟಿತು. ಬಿತ್ತಿದ ಮೇಲೆ ಮಳೆ ನಿಂತರೆ ಬೀಜವೂ ಕೂಲಿಯೂ ಮಣ್ಣುಪಾಲು; ಆದಕಾರಣ ಮಳೆಯು ನಡುವೆ ಬಿಡುವು ಕೊಡುವುದೆಂಬ ಸಮಾಚಾರವು ಬರುವುದೆಂಬ ಸಮಾಚಾರದಷ್ಟೇ ಮುಖ್ಯವಾಗಿತ್ತು.

ಆದರೆ ಆ ನಲವತ್ತು ವರ್ಷಗಳ ದಾಖಲೆಯು ಎಲ್ಲಿಂದ ಬಂದಿತು? ಉಪಗ್ರಹಗಳಿಂದಲೂ ಬಲೂನುಗಳಿಂದಲೂ ಬಂದುದು ಬಹಳವುಂಟು. ಅದರೊಡನೆ ಲೋಕದ ನಾನಾ ಕಡೆಗಳ ಸಾವಿರಾರು ವೀಕ್ಷಣಾಲಯಗಳಲ್ಲಿ ದಿನದಿನವೂ ತಪ್ಪದೆ ಮಾಪಕಗಳ ಮುಂದೆ ಹೋಗಿ ನಿಂತು ಅಂಕಿಯನ್ನು ಬರೆದಿಟ್ಟವರ ಶ್ರಮವೂ ಇದೆ. ನಮ್ಮ ದೇಶದಲ್ಲಿ ಇಂದಿಗೂ ಮಳೆಯ ದಿನವನ್ನು ಬೆಳಿಗ್ಗೆ ಎಂಟೂವರೆಯಿಂದ ಎಂಟೂವರೆಗೆ ಎಣಿಸುವರು. ಆ ಮಾಪಕಗಳನ್ನು ಸರಿಪಡಿಸಿದವರಲ್ಲಿ ಒಬ್ಬ ಮಹಿಳೆಯ ಹೆಸರನ್ನು ನಾವು ಇಲ್ಲಿ ಹೇಳದೆ ಮುಂದಕ್ಕೆ ಹೋಗಲಾರೆವು. ಅವರು ಅಣ್ಣಾ ಮಣಿಯವರು. 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಒಂದು ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, 1940ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದು ಸರ್ ಸಿ. ವಿ. ರಾಮನ್ನರ ಪ್ರಯೋಗಾಲಯದಲ್ಲಿ ಸಂಶೋಧನೆಯನ್ನು ನಡೆಯಿಸಿದರು. ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣದಿಂದ ಅವರಿಗೆ ಡಾಕ್ಟರೇಟು ದೊರೆಯಲಿಲ್ಲ. ಅನಂತರ ಪುಣೆಯ ಹವಾಮಾನ ಇಲಾಖೆಯನ್ನು ಸೇರಿ, ಅದುವರೆಗೆ ವಿದೇಶದಿಂದ ತರಿಸುತ್ತಿದ್ದ ಉಪಕರಣಗಳಲ್ಲಿ ಸುಮಾರು ನೂರಕ್ಕೆ ನಕ್ಷೆಗಳನ್ನು ಸಿದ್ಧಪಡಿಸಿ ನಮ್ಮಲ್ಲಿಯೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಲೇಸೆಂಬುದು ಅವರ ನಿಲುವು. 1976ರಲ್ಲಿ ನಿವೃತ್ತರಾದ ತರುವಾಯ ನಮ್ಮ ನೆರೆಯ ಸದಾಶಿವನಗರದ ರಾಮನ್ ಸಂಶೋಧನಾಲಯಕ್ಕೆ ಬಂದರು. ಬೆಂಗಳೂರಿನಲ್ಲಿ ಗಾಳಿಯ ವೇಗವನ್ನೂ ಬಿಸಿಲಿನ ಶಕ್ತಿಯನ್ನೂ ಅಳೆಯುವ ಉಪಕರಣಗಳ ಕಾರ್ಯಾಗಾರವೊಂದನ್ನು ನಡೆಯಿಸಿದರು. ಇಂದಿನ ಯಂತ್ರವು ಕಲಿತ ಪಾಠವನ್ನು ಬರೆದವರು ಇಂಥವರು.

ಯಂತ್ರಗಳು ದೇಹದ ವಿಷಯದಲ್ಲಿ ಮಾಡುತ್ತಿರುವ ಸಹಾಯವು ತಾಯಂದಿರಾದ ನಮ್ಮ ವಾಚಕರಿಗೆ ಇನ್ನೂ ಹತ್ತಿರದ್ದು. ಕಣ್ಣನ್ನೇ ತೆಗೆದುಕೊಳ್ಳೋಣ. ಕಣ್ಣಿನ ಹಿಂಬದಿಯಲ್ಲಿ ರೆಟಿನಾ ಎಂಬ ತೆಳುವಾದ ಪರದೆಯುಂಟು. ಬೆಳಕು ಚಿತ್ರವಾಗುವುದು ಅದರ ಮೇಲೆ. ಗರ್ಭದಲ್ಲಿರುವ ಶಿಶುವಿಗೆ ಈ ಪರದೆಯ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ಮೆಲ್ಲಮೆಲ್ಲನೆ ಹಬ್ಬುತ್ತಾ, ತಿಂಗಳು ತುಂಬುವ ಹೊತ್ತಿಗೆ ಅಂಚನ್ನು ಮುಟ್ಟುವುವು. ಅವಧಿಗೆ ಮುಂಚೆ ಹುಟ್ಟಿದ ಕೂಸಿನಲ್ಲಿ ಅವು ಅರ್ಧದಾರಿಯಲ್ಲಿಯೇ ಇರುವುವು. ಹುಟ್ಟಿದಮೇಲೆ ಕೆಲವು ಶಿಶುಗಳಲ್ಲಿ ನಾಳಗಳು ಕ್ರಮತಪ್ಪಿ ಬೆಳೆದು ಪರದೆಯನ್ನೇ ಎಳೆದು ಕೀಳುವುವು. ಆಮೇಲೆ ಆ ಮಗುವಿಗೆ ದೃಷ್ಟಿ ಬರುವುದು ದುರ್ಲಭ. ಇದರಲ್ಲಿ ಅತ್ಯಂತ ದುಃಖಕರವಾದುದೇನೆಂದರೆ, ಹೊರಗೆ ಯಾವ ಗುರುತೂ ಕಾಣದು. ಕಣ್ಣು ಕೆಂಪಾಗದು, ನೀರು ಸೋರದು. ತಾಯಿಗೆ ತಿಳಿಯುವ ವೇಳೆಗೆ ಕಾಲ ಮೀರಿರುವುದು. ವೇಳೆಯೊಳಗೆ ಕಂಡುಹಿಡಿದರೆ ಮಾತ್ರ ಲೇಸರ್ ಕಿರಣದಿಂದ ತಡೆಯಬಹುದು.

ಇಂಥ ಶಿಶುಗಳ ಕಣ್ಣನ್ನು ಪರೀಕ್ಷಿಸಬಲ್ಲ ತಜ್ಞರು ನಾಡಿನಲ್ಲಿ ಬೆರಳೆಣಿಕೆಯವರು. ಶಿಶುಗಳಾದರೋ ಜಿಲ್ಲೆ ಜಿಲ್ಲೆಯ ಆಸ್ಪತ್ರೆಗಳಲ್ಲಿ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾಕ್ಟರ್ ಆನಂದ ವಿಣೇಕರರು 2008ರಲ್ಲಿ ಆರಂಭಿಸಿದ ಕಿಡ್ರಾಪ್ ಎಂಬ ಯೋಜನೆಯು ಈ ತೊಡಕನ್ನು ಬಿಡಿಸಿದ ರೀತಿಯು ಕೊಂಡಾಡತಕ್ಕದ್ದಾಗಿದೆ. ಶಿಶುವಿನ ಕಣ್ಣಿನೊಳಗನ್ನು ಚಿತ್ರಿಸುವ ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು, ಡಾಕ್ಟರರಲ್ಲದ, ಆದರೆ ಇದಕ್ಕಾಗಿಯೇ ಚೆನ್ನಾಗಿ ತರಬೇತಾದ ಸಹಾಯಕರು ಊರಿಂದೂರಿಗೆ ಹೋಗುವರು, ಚಿತ್ರವನ್ನು ತೆಗೆಯುವರು, ಅಪಾಯವಿದೆಯೋ ಇಲ್ಲವೋ ಎಂದು ಸ್ಥಳದಲ್ಲಿಯೇ ಒಂದು ವಿಂಗಡಣೆಯನ್ನು ಮಾಡುವರು. ಇಂಟರ್‌ನೆಟ್ಟಿನ ಮೂಲಕ ಆ ಚಿತ್ರವನ್ನು ಬೆಂಗಳೂರಿನ ತಜ್ಞರು ನೋಡಿ ಅಪ್ಪಣೆಯನ್ನು ಕೊಡುವರು. ವಿದೇಶದ ಕ್ಯಾಮೆರಾ ಬಹಳ ದುಬಾರಿಯಾಗಿದ್ದುದರಿಂದ, ಬೆಂಗಳೂರಿನ ಫೋರಸ್ ಹೆಲ್ತ್ ಎಂಬ ಸಂಸ್ಥೆಯವರು ಇವರ ಸಹಕಾರದಿಂದ ಕಡಮೆ ಬೆಲೆಯ ಕ್ಯಾಮೆರಾವನ್ನು ನಿರ್ಮಿಸಿದರು. ಇಲ್ಲಿ ಯಂತ್ರವು ಹೆಚ್ಚೋ, ಆ ಸಹಾಯಕರ ಕೈ ಹೆಚ್ಚೋ? ಅಂಗೈಯಷ್ಟು ಮುಖದ ಕೂಸಿನ ರೆಪ್ಪೆಯನ್ನು ಬಿಡಿಸಿ ಹಿಡಿಯುವುದನ್ನು ಯಾವ ಪುಸ್ತಕವೂ ಕಲಿಸದು.

ದೊಡ್ಡವರಲ್ಲಿ ಇದೇ ಪರದೆಯನ್ನು ಸಕ್ಕರೆ ರೋಗವು ಕೆಡಿಸುವುದು. ಬೆಂಗಳೂರಿನ ರೆಮಿಡಿಯೋ ಸಂಸ್ಥೆಯವರು ಕೈಫೋನಿಗೆ ಜೋಡಿಸುವ ಕ್ಯಾಮೆರಾವನ್ನೂ, ಅದು ತೆಗೆದ ಚಿತ್ರವನ್ನು ಇಂಟರ್‌ನೆಟ್ಟಿಲ್ಲದೆ ಫೋನಿನಲ್ಲಿಯೇ ಪರೀಕ್ಷಿಸುವ ಕೃತಕ ಬುದ್ಧಿಮತ್ತೆಯನ್ನೂ ಸಿದ್ಧಪಡಿಸಿರುವರು. ತಜ್ಞರು ಗುರುತುಹಾಕಿದ ಸಾವಿರಾರು ಕಣ್ಣುಗಳ ಚಿತ್ರಗಳೇ ಅದರ ಅಕ್ಷರಮಾಲೆ. ಮುಂಬಯಿಯ ಸಾರ್ವಜನಿಕ ದವಾಖಾನೆಗಳಲ್ಲಿ ಇದನ್ನು ಪರೀಕ್ಷಿಸಿದ ವರದಿಯು 2019ರಲ್ಲಿ ಪ್ರಕಟವಾಯಿತು. ಕೂಡಲೇ ತಜ್ಞರ ಬಳಿಗೆ ಕಳುಹಿಸಬೇಕಾದಂಥ ರೋಗಿಗಳಲ್ಲಿ ಒಬ್ಬರನ್ನೂ ಅದು ಬಿಟ್ಟಿರಲಿಲ್ಲ. ಕಳುಹಿಸಬೇಕಾಗಿಲ್ಲದವರಲ್ಲಿ ನೂರಕ್ಕೆ 88ರಷ್ಟು ಮಂದಿಯನ್ನು ಸರಿಯಾಗಿ ಗುರುತಿಸಿತ್ತು. ಎಂದರೆ, ನೂರರಲ್ಲಿ ಹನ್ನೊಂದು ಹನ್ನೆರಡು ಜನ ಅನಾವಶ್ಯಕವಾಗಿ ಒಂದು ದಿನ ಗಾಬರಿಯಾದರು. ರೋಗವು ಇನ್ನೂ ಮೊಳಕೆಯಲ್ಲಿದ್ದವರನ್ನೂ ಸೇರಿಸಿ ಲೆಕ್ಕಹಾಕಿದರೆ ನೂರಕ್ಕೆ ಸುಮಾರು 85 ಮಂದಿಯನ್ನು ಮಾತ್ರ ಅದು ಹಿಡಿದಿತ್ತು. ಪರೀಕ್ಷೆಗೆ ಒಳಗಾದವರು ಇನ್ನೂರಕ್ಕೆ ಸ್ವಲ್ಪ ಮಿಕ್ಕವರೆಂಬುದನ್ನೂ ನೆನಪಿನಲ್ಲಿಡಬೇಕು. ಯಾವ ಯಂತ್ರವನ್ನೇ ಹೊಗಳಿದರೂ ಈ ಎರಡು ಲೆಕ್ಕಗಳನ್ನು ಕೇಳತಕ್ಕದ್ದು: ರೋಗವಿದ್ದವರಲ್ಲಿ ಎಷ್ಟು ಮಂದಿಯನ್ನು ಬಿಟ್ಟಿತು? ಇಲ್ಲದವರಲ್ಲಿ ಎಷ್ಟು ಮಂದಿಯನ್ನು ಹೆದರಿಸಿತು? ಶೇಕಡಾವಾರಿನ ಪಾಠವು ಬಡ್ಡಿಯ ಲೆಕ್ಕಕ್ಕೆ ಮಾತ್ರ ಬೇಕಾದುದೆಂದು ತಿಳಿದಿರುವ ನಮ್ಮ ಹುಡುಗಿಯರು ಇದನ್ನು ಗಮನಿಸಲಿ.

ಸ್ತನದ ಅರ್ಬುದ ರೋಗದ ವಿಷಯವನ್ನು ಎಷ್ಟೋ ಮನೆಗಳಲ್ಲಿ ಹೆಂಗಸರು ಬಾಯಿಬಿಟ್ಟು ಆಡುವುದಿಲ್ಲ. ವಿಜ್ಞಾನ ಮಂದಿರದಲ್ಲಿ ಡಾಕ್ಟರೇಟು ಪಡೆದ ಗೀತಾ ಮಂಜುನಾಥರು, ತಮ್ಮ ಬಂಧುಗಳಲ್ಲಿಯೇ ಈ ರೋಗವನ್ನು ಕಂಡು, 2016ರಲ್ಲಿ ಬೆಂಗಳೂರಿನಲ್ಲಿ ನಿರಾಮಯಿ ಎಂಬ ಸಂಸ್ಥೆಯನ್ನು ಹುಟ್ಟಿಸಿದರು. ಮೈಯಿಂದ ಹೊರಡುವ ಶಾಖವನ್ನು ಮುಟ್ಟದೆಯೇ ಚಿತ್ರಿಸಿ, ಅದರಲ್ಲಿನ ವ್ಯತ್ಯಾಸಗಳನ್ನು ಕೃತಕ ಬುದ್ಧಿಮತ್ತೆಯಿಂದ ಪರೀಕ್ಷಿಸುವುದು ಅವರ ಕ್ರಮ. ಸಂಕೋಚಪಡುವವರಿಗೆ ಇದು ದೊಡ್ಡ ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶಾಖದ ಚಿತ್ರವು ಮ್ಯಾಮೊಗ್ರಾಮಿಗೆ ಬದಲಲ್ಲವೆಂದು ವೈದ್ಯರು ಹೇಳುವುದನ್ನು ನಾವು ಮರೆಮಾಚಬಾರದು. ಗಂಟು ಕೈಗೆ ಸಿಕ್ಕಿದವರು ಯಾವ ಯಂತ್ರಕ್ಕಾಗಿಯೂ ಕಾಯದೆ ಡಾಕ್ಟರರಲ್ಲಿಗೆ ಹೋಗತಕ್ಕದ್ದು.

ಯಾರನ್ನು ಅಳೆದು ಯಂತ್ರವನ್ನು ತಿದ್ದಿದರೆಂಬುದೂ ಕೇಳಬೇಕಾದ ಪ್ರಶ್ನೆಯೇ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ಆಮ್ಲಜನಕವನ್ನು ಅಳೆಯುತ್ತಿದ್ದ ಸಾಧನವು ಎಲ್ಲರ ಮನೆಗೂ ಬಂದಿತಷ್ಟೆ. ಕಪ್ಪು ಬಣ್ಣದವರಲ್ಲಿ ಅದು ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವ ಸಂದರ್ಭಗಳು, ಬಿಳಿಯರಿಗೆ ಹೋಲಿಸಿದರೆ, ಸುಮಾರು ಮೂರು ಪಾಲು ಹೆಚ್ಚೆಂದು 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಅದು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ಅಳೆಯುವ ಉಪಕರಣ. ಚರ್ಮದ ಬಣ್ಣವು ಬೆಳಕನ್ನು ಹೀರುವುದು. ನಮ್ಮ ಮೈಬಣ್ಣವು ಬಗೆಬಗೆಯದಾಗಿರುವ ಈ ದೇಶದಲ್ಲಿ ಇದು ದೂರದ ಸಂಗತಿಯಲ್ಲ.

ಪೋಷಕರ ಪ್ರಶ್ನೆಗೆ ನಮ್ಮ ಉತ್ತರವು ಇಷ್ಟರಲ್ಲಿಯೇ ಬಂದಿದೆಯೆಂದು ಭಾವಿಸುವೆವು. ಮುಂಚಿತವಾಗಿ ಹೇಳುವ ಕೆಲಸವನ್ನು ಯಂತ್ರವು ಮಾಡುತ್ತಿದೆ, ಇನ್ನೂ ಚೆನ್ನಾಗಿ ಮಾಡೀತು. ಅದು ಹೇಳಿದ ಮಾತಿಗೂ ಅದರಿಂದ ಉಳಿಯಬೇಕಾದ ಕಣ್ಣಿಗೂ ಬೆಳೆಗೂ ನಡುವೆ, ಅಳತೆಯನ್ನು ಸರಿನೋಡುವವರು, ಚಿತ್ರವನ್ನು ತೆಗೆಯುವವರು, ಶೇಕಡಾವಾರನ್ನು ಕೇಳುವವರು, ಮನೆಬಾಗಿಲಿಗೆ ಹೋಗಿ ತಿಳಿಯಹೇಳುವವರು ಬೇಕಾಗಿರುವರು. ಈ ಕೆಲಸಗಳಲ್ಲಿ ಒಂದಕ್ಕಾದರೂ ಲೆಕ್ಕ ವಿಜ್ಞಾನಗಳನ್ನು ಬಿಟ್ಟವಳನ್ನು ತೆಗೆದುಕೊಳ್ಳಲಾರರು.

ಕಡೆಯದಾಗಿ, ಇದನ್ನು ಓದಿದವರು ನಾಳೆಯೇ ಮಾಡಬಹುದಾದ ಎರಡು ಕೆಲಸಗಳನ್ನು ತಿಳಿಸುವೆವು. ಮನೆಯಲ್ಲಿ ಸಕ್ಕರೆ ರೋಗದವರಿದ್ದರೆ, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ, ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆಯನ್ನು ಮಾಡಿಸಿರಿ. ಬಂಧುಬಳಗದಲ್ಲಿ 34 ವಾರಗಳಿಗೆ ಮುಂಚೆ ಹುಟ್ಟಿದ, ಅಥವಾ ಎರಡು ಕಿಲೋಗ್ರಾಮಿಗಿಂತ ಕಡಮೆ ತೂಕದ ಶಿಶುವಿದ್ದರೆ, ಹುಟ್ಟಿದ ದಿನದಿಂದ ಲೆಕ್ಕವಿಟ್ಟು ಮೂವತ್ತನೆಯ ದಿನದೊಳಗೆ ಅದರ ಕಣ್ಣನ್ನು ರೆಟಿನಾ ತಜ್ಞರಿಗೆ ತೋರಿಸಿರಿ. ಬಹಳ ಚಿಕ್ಕ ಶಿಶುವಾದರೆ ಎರಡು ಮೂರು ವಾರಗಳೊಳಗೇ ತೋರಿಸಬೇಕು. ಬಾಣಂತನದ ಗಡಿಬಿಡಿಯಲ್ಲಿ ತಾಯಿಗೆ ದಿನಗಳ ಎಣಿಕೆ ತಪ್ಪುವುದು ಸಹಜ. ಆ ಎಣಿಕೆಯನ್ನು ಮನೆಯಲ್ಲಿರುವ ಚಿಕ್ಕಮ್ಮನೋ ಅಕ್ಕನೋ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಹಾಕಿಟ್ಟುಕೊಳ್ಳಲಿ.